ಪೊರೆ ಆರಿಸಿಯೇ ಜೀರುಂಡೆಯ ನಕ್ಷೆ ಮಾಡಿದೆ: ನನ್ನ ಅನುಭವ

ಬ್ರೆಜಿಲ್‌ನ ಮಿನಾಸ್ ಜೆರೈಸ್‌ನಲ್ಲಿ, ಕಾಫಿ ತೋಟಗಳ ನಡುವೆ ಇದು ನನ್ನ ಮೂರನೇ ಸೀಸನ್. ಜೀರುಂಡೆ ಕಳಚಿಟ್ಟ ಪೊರೆ ನೋಡಿಯೇ ಯಾವ ಇಳಿಜಾರಿನಲ್ಲಿ ಯಾವ ಜಾತಿ ಅಂತ ಹೇಳುತ್ತೇನೆ ಅಂದಾಗ ಜೊತೆಯವರು ನಕ್ಕರು. 'ಕಸ ಗುಡಿಸೋಕೆ ಇಷ್ಟು ದೂರ ಬಂದ್ಯಾ?' ಅಂದರು.

ಮೊದಲ ವರ್ಷ ಬಲೆ ಹಿಡಿದು ಓಡಿದ್ದೇ ಬಂತು. ಕ್ವೆಸಾಡಾ ಗಿಗಾಸ್ ಅನ್ನೋ ದೊಡ್ಡ ಜೀರುಂಡೆಯ ಗಂಡು ಕೂತು ಕೂಗುವುದು ಎತ್ತರದ ಮರದಲ್ಲಿ, ನನ್ನ ಕೋಲು ಆರೇ ಮೀಟರ್. ಸಿಕ್ಕಿದ್ದು ಹನ್ನೊಂದೋ ಹನ್ನೆರಡೋ. ಡಿಎನ್‌ಎಗೆ ಅಂತ ಇಟ್ಟ ಕಾಲುಗಳು ನೀರು ಬೆರೆತ ಆಲ್ಕೋಹಾಲ್‌ನಲ್ಲಿ ಹಾಳಾದವು. ಸುಮಾರು 1,500 ರಿಯಾಲ್ ಹೋಯಿತು.

ಎರಡನೇ ವರ್ಷ ಪೊರೆಗೆ ಇಳಿದೆ; ಮರಿ ಮಣ್ಣಿನಿಂದ ಮೇಲೆ ಬಂದ ಜಾಗದ ಹತ್ತಿರವೇ ಅದು ಸಿಗುತ್ತದೆ. ಗಿಗಾಸ್‌ನ ಪೊರೆ ದಪ್ಪ, ದೂರಕ್ಕೇ ಗೊತ್ತಾಗುತ್ತದೆ. ಕ್ಯಾರಿನೆಟಾ ಅನ್ನೋ ಇನ್ನೊಂದು ಕುಲದ್ದು ತೀರಾ ಚಿಕ್ಕದು. ತಲೆ ತಿನ್ನುವುದು ಮೂರನೇ ಕುಲ, ಫಿಡಿಸಿನಾಯ್ಡಿಸ್. ಅಲ್ಲಿ ಗಾತ್ರ ನಂಬಬೇಡಿ, ಮುಂಗಾಲಿನ ತೊಡೆಯ ಹಲ್ಲು ನೋಡಿ. ಅಂಟಿದ ಮಣ್ಣನ್ನು ಬಿಸಿನೀರಲ್ಲಿ ನೆನೆಸಿ ತೆಗೆಯಬೇಕು, ಕೆರೆದರೆ ಹಲ್ಲೇ ಮುರಿಯುತ್ತದೆ. ನೂರಾರು ಹಾಳು ಮಾಡಿಕೊಂಡ ಮೇಲೆ ಕಲಿತದ್ದು ಇದು. ಯಾವ ಹಲ್ಲಿನಿಂದ ಎಣಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಹಿಂತುದಿ ನೋಡಿದರೆ ಗಂಡು ಹೆಣ್ಣಿನ ಲೆಕ್ಕವೂ ಪುಕ್ಕಟೆ ಸಿಗುತ್ತದೆ.

ಇಲ್ಲಿನ ಜನಕ್ಕೆ ಒಂದು ನಂಬಿಕೆ: ಜೀರುಂಡೆ ಕೂಗಿ ಕೂಗಿ ಕೊನೆಗೆ ಒಡೆದು ಸಾಯುತ್ತದಂತೆ. ಕೊಯ್ಲಿನ ಅಜ್ಜ ಒಬ್ಬರು ಬೆನ್ನು ಸೀಳಿದ ಪೊರೆಯನ್ನೇ ಸಾಕ್ಷಿಗೆ ತೋರಿಸಿದರು. ನಾನು ಸುಮ್ನೆ ತಲೆಯಾಡಿಸಿ ಅದನ್ನೂ ಡಬ್ಬಿಗೆ ಹಾಕಿಕೊಂಡೆ.

ನಡುವೆ ಒಂದು ಹುಚ್ಚಾಟ. ಮುಸ್ಸಂಜೆ ರೆಕಾರ್ಡ್ ಮಾಡಿದ ಗಿಗಾಸ್ ಕೂಗನ್ನು ಸ್ಪೀಕರ್‌ನಲ್ಲಿ ಹಾಕಿದೆ. ರೈಲು ಸೀಟಿಯಂಥ ಆ ಕೂಗಿಗೆ ಗಂಡೂ ಬಂದವು, ಹೆಣ್ಣೂ ಬಂದವು. ಮೂರನೇ ದಿನ ಮಳೆಗೆ ಸ್ಪೀಕರ್ ಸತ್ತಿತು. ಇನ್ನೊಂದು 400 ರಿಯಾಲ್.

ಸಂಗ್ರಹಾಲಯಗಳಲ್ಲಿ ಗಿಗಾಸ್ ಮಾದರಿಗಳ ಹಳೇ ಚೀಟಿ ಹುಡುಕುವವರಿಗೆ ಒಂದು ಮಾತು. ಕೀಟಶಾಸ್ತ್ರಜ್ಞ ಒಲಿವಿಯೆ 1790ರಲ್ಲಿ ಇದನ್ನು ಸಿಕಾಡಾ ಗಿಗಾಸ್ ಅಂದ. ಕ್ವೆಸಾಡಾ ಕುಲ ಬಂದದ್ದು 1905ರಲ್ಲಿ, ಇನ್ನೊಬ್ಬ ಕೀಟಶಾಸ್ತ್ರಜ್ಞ ಡಿಸ್ಟಂಟ್‌ನಿಂದ. ಟಿಂಪನೋಟರ್ಪಿಸ್ ಅಂತ ಹಳೇ ಕುಲದ ಹೆಸರು ಬರೆದ ಡಬ್ಬಿಗಳನ್ನೂ ತೆರೆಯಿರಿ. ಟೆಕ್ಸಸ್‌ನ ತೆಂಕಣ ತುದಿಯಿಂದ ಅರ್ಜೆಂಟೀನಾವರೆಗೆ ಹಬ್ಬಿದ ಹುಳು ಇದು. ಅರ್ಜೆಂಟೀನಾದಲ್ಲಿ ಇದರ ಹೆಸರು ಕೊಯೂಯೊ; ಇದು ಕೂಗಿದರೇ ಅಲ್ಗರೋಬ ಮರದ ಕಾಯಿ ಹಣ್ಣಾಗುವುದು ಅನ್ನುತ್ತಾರೆ.

ಈ ಸಲ ಮೂರು ಸಾವಿರದ ಮೇಲೆ ಪೊರೆ ಸಿಕ್ಕಿತು. ಹತ್ತರಲ್ಲಿ ಏಳು ಗಿಗಾಸ್. ಜಾಸ್ತಿ ಸಿಕ್ಕ ಸಾಲನ್ನು ನಕ್ಕವರ ಎದುರಿಗೇ ಅಗೆಸಿದೆ. ಒಂದೇ ಗಿಡದ ಬೇರಿಗೆ ಮೂವತ್ತರ ಹತ್ತಿರ ಮರಿಗಳು ರಸ ಹೀರುತ್ತಾ ಕೂತಿದ್ದವು. ಯಾರೂ ಮಾತಾಡಲಿಲ್ಲ.

ಮೇಲಿನ ಬ್ಲಾಕ್ ಮಾತ್ರ ಲೆಕ್ಕಕ್ಕೆ ಸಿಕ್ಕಿಲ್ಲ. ಅಲ್ಲಿ ಕೂಗು ಜೋರು, ಪೊರೆ ಒಂದೂ ಇಲ್ಲ. ಪಕ್ಕದ ಕಾಡಿನಿಂದ ಹಾರಿ ಬರುತ್ತವೋ ಏನೋ. ಮುಂದಿನ ಸೆಪ್ಟೆಂಬರ್‌ನಲ್ಲಿ ಡಬ್ಬಿ ಹಿಡಿದು ಆ ಬೇಲಿಯಾಚೆ ಹೋಗುತ್ತೇನೆ.