ನೂರರ ತನಕ ಹೇಳಿದರೆ ಲೆಕ್ಕ ಬಂತು ಅಂತಲ್ಲ

ಹಾಸನದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಅಂಗನವಾಡಿ ಟೀಚರ್. ನಮ್ಮಲ್ಲಿಗೆ ಬರುವುದು ಮೂರರಿಂದ ಆರು ವರ್ಷದ ಮಕ್ಕಳು. ತಾಯಂದಿರು ಮೊದಲು ಕೇಳುವುದೇ ಇದನ್ನು: "ಟೀಚರ್, ನಮ್ಮ ಮಗು ನೂರರ ತನಕ ಹೇಳುತ್ತಾ?" ಮಗು ಚೆನ್ನಾಗಿ ಕಲಿಯಲಿ ಅನ್ನೋ ಆಸೆ ಅವರದು, ಅದು ಸರಿಯೇ. ಆದರೆ ಬಾಯಿಪಾಠ ಬೇರೆ, ಲೆಕ್ಕ ಬೇರೆ.

ಬೇಕಾದರೆ ನೋಡಿ. ನಾಲ್ಕು ವರ್ಷದ ಮಗುವಿನ ಮುಂದೆ ಐದು ಹುಣಸೆ ಬೀಜ ಇಡಿ. ಬೆರಳಿಟ್ಟು ಸರಿಯಾಗಿಯೇ ಎಣಿಸುತ್ತದೆ. "ಹಾಗಾದ್ರೆ ಒಟ್ಟು ಎಷ್ಟಿದೆ ಪುಟ್ಟಾ?" ಅಂತ ಕೇಳಿ. ಎಷ್ಟೋ ಮಕ್ಕಳು ಮತ್ತೆ ಒಂದರಿಂದ ಎಣಿಸಲು ಶುರು ಮಾಡುತ್ತಾರೆ! ಕೊನೆಗೆ ಹೇಳಿದ ಐದು ಎಲ್ಲ ಬೀಜಗಳಿಗೂ ಸೇರಿದ್ದು ಅನ್ನುವುದು ಅವರಿಗೆ ಇನ್ನೂ ಹೊಳೆದಿರುವುದಿಲ್ಲ. ಸುಮ್ನೆ ಹೇಳಿಕೊಟ್ಟರೆ ಇದು ತಲೆಗೆ ಹೋಗುವುದಿಲ್ಲ. ಎಣಿಸಲು ಮಗುವಿಗೇ ಒಂದು ಕಾರಣ ಬೇಕು.

ನಮ್ಮಲ್ಲಿ ಆ ಕಾರಣ ಸಿಗುವುದು ಊಟದ ಹೊತ್ತಿಗೆ. ತಟ್ಟೆಗಳನ್ನು ಒಂದೊಂದಾಗಿ ಹಂಚಲು ನಾನು ಹೇಳುವುದಿಲ್ಲ. "ಈ ಸಾಲಿನಲ್ಲಿ ಎಷ್ಟು ಜನ ಕೂತಿದ್ದಾರೋ ನೋಡು, ಅಷ್ಟೂ ತಟ್ಟೆ ಒಂದೇ ಸಲಕ್ಕೆ ತಾ" ಅನ್ನುತ್ತೇನೆ. ಮಗು ಜನ ಎಣಿಸಬೇಕು, ಆ ಸಂಖ್ಯೆಯನ್ನು ತಲೆಯಲ್ಲಿಟ್ಟುಕೊಂಡು ಮೂಲೆಗೆ ಹೋಗಬೇಕು, ಅಷ್ಟೇ ತಟ್ಟೆ ಎತ್ತಬೇಕು. ಒಂದು ಕಮ್ಮಿಯಾದರೆ ತಟ್ಟೆ ಸಿಗದವನು ತಾನೇ ಕೂಗುತ್ತಾನೆ. ನಾನು ತಿದ್ದುವ ಕೆಲಸವೇ ಇಲ್ಲ.

ಎರಡನೆಯದು ಬೀಜದ ಆಟ. ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿದರೆ ಬೆಳ್ಳಗಾಗುತ್ತದೆ. ನಮ್ಮ ಅಜ್ಜಿಯಂದಿರು ಕವಡೆ ಇಲ್ಲದಾಗ ಚೌಕಾಬಾರ ಆಡುತ್ತಿದ್ದದ್ದು ಇದರಲ್ಲೇ ಅಲ್ವಾ? ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪು ಬಿದ್ದರೆ ಎಂಟು. ಚಿಕ್ಕವರಿಗೆ ಇದು ಜಾಸ್ತಿಯಾಯಿತು ಅಂತ ನಾನು ಎರಡೇ ಬೀಜ ಕೊಡುತ್ತೇನೆ. ಜಗುಲಿಯ ಮೇಲೆ ಸೀಮೆಸುಣ್ಣದಿಂದ ಉದ್ದಕ್ಕೆ ಹತ್ತು ಮನೆ ಬರೆದು, ಒಂದರಿಂದ ಹತ್ತರ ತನಕ ಅಂಕಿ ಹಾಕುತ್ತೇನೆ. ಎಷ್ಟು ಬಿಳಿ ಬಿತ್ತೋ ಅಷ್ಟು ಮನೆ ಮುಂದಕ್ಕೆ.

ಇಲ್ಲಿ ಒಂದು ನಿಯಮವನ್ನು ಮಾತ್ರ ಬಿಡುವುದಿಲ್ಲ. ಐದರ ಮನೆಯಲ್ಲಿ ನಿಂತ ಮಗುವಿಗೆ ಎರಡು ಬಿದ್ದರೆ "ಒಂದು, ಎರಡು" ಅಂತ ನಡೆಯುವಂತಿಲ್ಲ. "ಆರು, ಏಳು" ಅಂತ ಕಾಲಿಟ್ಟ ಮನೆಯ ಅಂಕಿ ಹೇಳಬೇಕು. ಮೊದಮೊದಲು ತಡವರಿಸುತ್ತಾರೆ, ಗೆಳೆಯರು ಹೇಳಿಕೊಡುತ್ತಾರೆ, ಆಮೇಲೆ ತಾನಾಗಿ ಬರುತ್ತದೆ. ಅಲ್ಲಿಗೆ ಮಗು ಕೂಡುವ ಲೆಕ್ಕಕ್ಕೆ ಕಾಲಿಟ್ಟಂತೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಇಂಥದ್ದೇ ಹತ್ತು ಮನೆಯ ಆಟವನ್ನು ಬಡ ಕುಟುಂಬಗಳ ಮಕ್ಕಳಿಗೆ ಆಡಿಸಿ 2008ರಲ್ಲಿ ಅಧ್ಯಯನ ಪ್ರಕಟಿಸಿದರು. ಅಂಕಿಯ ಮನೆಗಳಲ್ಲಿ ಆಡಿದವರ ಸಂಖ್ಯಾಜ್ಞಾನ ಬೆಳೆಯಿತು. ಬರೀ ಬಣ್ಣದ ಮನೆಗಳಲ್ಲಿ ಆಡಿದವರದು ಹಾಗೆ ಬೆಳೆಯಲಿಲ್ಲ. ಅದಕ್ಕೇ ಅಂಕಿ ಹೇಳಿಸದೆ ನಾನು ಯಾರನ್ನೂ ಮುಂದೆ ಬಿಡುವುದಿಲ್ಲ.

ನಮ್ಮ ಕಡೆ ಆಲೂಗಡ್ಡೆ ಕೀಳುವ ಕಾಲದಲ್ಲಿ ಯಾರಾದರೂ ಒಂದು ಬುಟ್ಟಿ ತಂದುಕೊಡುತ್ತಾರೆ. ಸಾರಿಗೆ ಹಾಕುವ ಮೊದಲು ಮಕ್ಕಳ ಕೈಗೆ. ಎರಡರಲ್ಲಿ ದಪ್ಪ ಯಾವುದು ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕನ್ನು ಸಾಲಾಗಿ ಜೋಡಿಸಿ, ಐದನೆಯದನ್ನು ನಡುವೆ ಎಲ್ಲಿಡಬೇಕು ಅಂದಾಗ ನಿಜವಾದ ಯೋಚನೆ ಶುರುವಾಗುತ್ತದೆ. ಅದು ಒಂದಕ್ಕಿಂತ ದಪ್ಪ, ಇನ್ನೊಂದಕ್ಕಿಂತ ಸಣ್ಣ, ಎರಡೂ ಹೌದು. ತೆಂಗಿನ ಚಿಪ್ಪಿನ ತಕ್ಕಡಿ ಕಟ್ಟಿ ತೂಗಿಸುವುದೂ ಉಂಟು.

ಬೀಜಗಳನ್ನು ಮೂರು ವರ್ಷದವರ ಕೈಗೆ ಕೊಡುವುದಿಲ್ಲ. ಮೂಗಿಗೋ ಕಿವಿಗೋ ಹಾಕಿಕೊಂಡಾರು. ಅವರಿಗೆ ಆಲೂಗಡ್ಡೆ, ತಟ್ಟೆ, ಲೋಟ ಸಾಕು. ದೊಡ್ಡವರು ಆಡಿದ ಮೇಲೆ ಬೀಜ ಎಣಿಸಿಯೇ ಡಬ್ಬಿಗೆ ಹಾಕುತ್ತಾರೆ.

ತಾಯಂದಿರ ಸಭೆಯಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ರಾತ್ರಿ ಅಕ್ಕಿ ರೊಟ್ಟಿ ಬಡಿಸುವಾಗ "ಅಪ್ಪನಿಗೆ ಎರಡು, ಅಜ್ಜಿಗೆ ಒಂದು, ಒಟ್ಟು ಎಷ್ಟು ತರ್ತೀಯಾ ಕಂದಾ?" ಅಂತ ಮಗುವನ್ನು ಕೇಳಿ. ಉತ್ತರವನ್ನು ನೀವೇ ಹೇಳಬೇಡಿ. ಎರಡೇ ತಂದರೂ ತರಲಿ. ಅಜ್ಜಿಯ ತಟ್ಟೆ ಖಾಲಿ ಇದ್ದರೆ ಅದೇ ಇನ್ನೊಂದು ತರಲು ಓಡುತ್ತದೆ.