ಕಥೆ ಬಿಡಿ, ಹಾಡು ಯಾವುದಿತ್ತು ಹೇಳಿ

ಮಂಡ್ಯದಲ್ಲಿ ನಾನು ವಿಡಿಯೋ ಕ್ಯಾಸೆಟ್ ಅಂಗಡಿ ಇಟ್ಟಿದ್ದಾಗ ಹೆಸರು ಹೇಳಿ ಸಿನಿಮಾ ಕೇಳುವವರು ಕಮ್ಮಿ. "ಅದೇ ಅಣ್ಣ, ಕೊನೇಲಿ ಅವಳು ಬಾವಿಗೆ ಬೀಳ್ತಾಳಲ್ಲ, ಅದು ಕೊಡಿ" ಅನ್ನುವವರೇ ಜಾಸ್ತಿ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ನೆಂಟರು ಮಾತ್ರ ಈಗಲೂ ಬಿಟ್ಟಿಲ್ಲ.

ನಾನು ಕಥೆ ಕೇಳುವುದಿಲ್ಲ. ಎರಡು ಮೂರು ಸಿನಿಮಾ ಬೆರೆಸಿ ಜನ ತಾವೇ ಒಂದು ಕಥೆ ಕಟ್ಟಿಕೊಂಡಿರುತ್ತಾರೆ. ಎಲ್ಲಿ ನೋಡಿದಿರಿ, ಕಪ್ಪು ಬಿಳುಪೋ ಕಲರ್ರೋ, ಹಾಡು ಯಾವುದು, ಇಷ್ಟೇ ಕೇಳುತ್ತೇನೆ. ಕಲರ್ ಅಂದರೂ ಸ್ವಲ್ಪ ಹುಷಾರಾಗಿರಬೇಕು. 1971ರ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಚ್ಚಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರಲ್ಲ, ಅದನ್ನು ನೋಡಿದ ಹುಡುಗರಿಗೆ ಅದು ಕಲರ್ ಸಿನಿಮಾನೇ.

ಈಚೆಗೆ ಮೈಸೂರಿನ ನಮ್ಮ ದೊಡ್ಡಮ್ಮ ಒಂದು ಸಿನಿಮಾ ಹಿಡಿದುಕೊಂಡು ಕೂತರು. ಮದ್ದೂರು ಕಡೆ ಟೆಂಟಿನಲ್ಲಿ ನೋಡಿದ್ದಂತೆ, 1975ರ ಆಸುಪಾಸು. ಕಪ್ಪು ಬಿಳುಪು, ಭಾರತಿ ಇದ್ದರಂತೆ. ನೆನಪಿದ್ದದ್ದು ಕಾಲು ಮುರಿದುಕೊಂಡು ಮಲಗಿದ ಒಬ್ಬ ಗಂಡಸು, ಅವನ ಚಾಕರಿ ಮಾಡುವ ಹುಡುಗಿ. "ಕೊನೆಗೆ ಅವನು ಮದುವೆ ಆಗೋಣ ಅಂತಾನೆ ಕಣೋ, ಇವಳು ಬ್ಯಾಡ ಅಂತಾಳೆ. ನಮ್ಮವ್ವ ಮನೆ ತಲುಪೋವರೆಗೂ ಅವಳನ್ನ ಬೈಕೊಂಡೇ ಬಂದ್ಳು."

ಆ ಬೈಗುಳವೇ ನನಗೆ ಒಳ್ಳೆ ಸುಳಿವಾಯಿತು. ಆ ಕಾಲದ ಸಿನಿಮಾದಲ್ಲಿ ಕಾಲಿಗೆ ಬಿದ್ದ ಗಂಡಸನ್ನು ಒಲ್ಲೆ ಅನ್ನುವ ನಾಯಕಿಯರು ಎಷ್ಟು ಮಂದಿ? ಭಾರತಿಯನ್ನು ಪಕ್ಕಕ್ಕಿಟ್ಟೆ. 1975ನ್ನೂ ಬಿಟ್ಟೆ. ಟೆಂಟಿಗೆ ಬರುತ್ತಿದ್ದದ್ದು ಪೇಟೆಯಲ್ಲಿ ಓಡಿ ಓಡಿ ಗೀರುಬಿದ್ದ ಹಳೇ ಪ್ರಿಂಟು. ನೋಡಿದ ವರ್ಷ ಒಂದು, ಬಿಡುಗಡೆಯಾದ ವರ್ಷ ಇನ್ನೊಂದು.

ಹಾಡು ಒಂದೂ ನೆನಪಿಲ್ಲ ಅಂದರು. ನನಗೆ ಆಗಲೇ ಒಂದು ಅನುಮಾನ ಇತ್ತು. "ಬೇಂದ್ರೆಯವರ ‘ಮೂಡಲ ಮನೆಯ’ ಇತ್ತಾ ದೊಡ್ಡಮ್ಮ?" ಅಂದೆ. "ಅದು ಸ್ಕೂಲಲ್ಲಿ ಕಲಿತ ಪದ್ಯ ಅಲ್ವೇನೋ?" ಅಂತ ಹೇಳಿಕೊಡಲು ಶುರು ಮಾಡಿದರು. ಬಾಯಲ್ಲಿ ಬಂದದ್ದು ವಿಜಯಭಾಸ್ಕರ್ ಹಾಕಿದ ಧಾಟಿ! ಸಿನಿಮಾ ಹಾಡು ಅವರ ತಲೆಯಲ್ಲಿ ಪದ್ಯದ ಜಾಗದಲ್ಲಿ ಹೋಗಿ ಕೂತಿತ್ತು. ಹಾಗಾದರೆ ಅದು ‘ಬೆಳ್ಳಿಮೋಡ’. 1967ರದ್ದು, ಪುಟ್ಟಣ್ಣ ಕಣಗಾಲರದ್ದು, ನಮ್ಮ ಮೈಸೂರಿನ ತ್ರಿವೇಣಿಯವರ ಕಾದಂಬರಿ. ನಾಯಕಿ ಕಲ್ಪನಾ. ಸಿನಿಮಾ ಬರುವಷ್ಟರಲ್ಲಿ ತ್ರಿವೇಣಿ ತೀರಿಕೊಂಡಿದ್ದರು, ಪಾಪ.

ಆದರೆ ಆ ಧಾಟಿಯನ್ನು ದೊಡ್ಡಮ್ಮ ರೇಡಿಯೊದಲ್ಲೂ ಕೇಳಿರಬಹುದಲ್ಲ. ಅದಕ್ಕೇ ಹೆಸರು ಹೇಳಲಿಲ್ಲ. ಹೆಸರು ಹೇಳಿಬಿಟ್ಟರೆ ಯಾರಾದರೂ "ಹೂಂ, ಅದೇ ಅದೇ" ಅಂದುಬಿಡುತ್ತಾರೆ. ಸುಮ್ನೆ ಮೊಬೈಲಿನಲ್ಲಿ ಮಧ್ಯದಿಂದ ಹಾಕಿ ಕೈಗೆ ಕೊಟ್ಟೆ. ಅವರು ಕೇಳದೆ ನಾನು ಬಾಯಿ ಬಿಡುವುದಿಲ್ಲ. ಮುಂದೇನಾಗುತ್ತೆ ಅಂತ ಅವರೇ ಹೇಳಬೇಕು, ಆಗಲೇ ನಾನು ಒಪ್ಪುವುದು.

ಕಲ್ಯಾಣ್ ಕುಮಾರ್ ಮುಖ ಕಂಡದ್ದೇ ತಡ, ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡರು. "ಇವನೇ ಕಣೋ ಆ ಮನೆಹಾಳ! ಅವಳಿಗೆ ತಮ್ಮ ಹುಟ್ಟಿದ, ಇನ್ನು ಆಸ್ತಿ ಸಿಗಲ್ಲ ಅಂತ ಬಿಟ್ಟೋದವನು. ಅವಳು ಬ್ಯಾಡ ಅಂದಿದ್ದೇ ಸರಿ. ನಮ್ಮವ್ವಂಗೆ ಏನ್ ಗೊತ್ತಿತ್ತು?"