ಡೋಲಿನ ಸದ್ದು ಮೊದಲು, ಕೋಲಿನ ಏಟು ಆಮೇಲೆ: ಕನ್ವರ್ಟ್ ಮಾಡಿದ ವಿಡಿಯೋ ಸರಿಪಡಿಸುವ ನನ್ನ ಕ್ರಮ

ಹಾಸನದ ಕಡೆಯ ಮದುವೆ ವಿಡಿಯೋಗಳಲ್ಲಿ ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಇರುವ ಹೊಂದಾಣಿಕೆ, ನೋಡಲು ಓಲಗದಷ್ಟು ಒಳ್ಳೆಯ ಗುರುತು ಬೇರೆ ಇಲ್ಲ. ಗಟ್ಟಿಮೇಳದಲ್ಲಿ ಕೋಲು ಡೋಲಿಗೆ ತಾಗುವ ಫ್ರೇಮೂ ಸ್ಪಷ್ಟ, ಏಟಿನ ಸದ್ದೂ ಸ್ಪಷ್ಟ. ಪುರೋಹಿತರ ತುಟಿ ನೋಡಿಕೊಂಡು ಅಂದಾಜು ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಕೆಟ್ಟ ಫೈಲನ್ನು ಮತ್ತೆ ಕನ್ವರ್ಟ್‌ಗೆ ಹಾಕುವ ಮುಂಚೆ ಆರಂಭ, ನಡು, ಕೊನೆ ಮೂರೂ ಕಡೆ ಅಳೆಯುತ್ತೇನೆ. ವಿಂಡೋಸ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಕೆ ಕೀ ಒತ್ತಿದರೆ ಸದ್ದು 50 ಮಿಲಿಸೆಕೆಂಡ್ ತಡವಾಗುತ್ತದೆ, ಜೆ ಒತ್ತಿದರೆ ಅಷ್ಟೇ ಬೇಗ ಬರುತ್ತದೆ. ಏಟು ಕೂಡುವಾಗ ಪರದೆ ಮೇಲೆ ಕಾಣುವ ಅಂಕಿಯನ್ನು ಬರೆದುಕೊಳ್ಳಬೇಕು. ಬ್ಲೂಟೂತ್ ಸ್ಪೀಕರ್ ಬೇಡ, ಅದೇ ಸದ್ದನ್ನು ತಡ ಮಾಡುತ್ತದೆ.

ಮೂರೂ ಕಡೆ ಒಂದೇ ಅಂಕಿ ಬಂದರೆ ಕೆಲಸ ಸುಲಭ. ಎಂಕೆವಿಟೂಲ್‌ನಿಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಆಡಿಯೋ ಟ್ರ್ಯಾಕ್ ಆರಿಸಿ ಡಿಲೇ ಜಾಗದಲ್ಲಿ ಅದನ್ನೇ ತುಂಬಿದರೆ ಸಾಕು. ಸದ್ದು ಮುಂಚೆ ಬರುತ್ತಿದ್ದರೆ 200, ತಡವಾಗಿದ್ದರೆ ಮೈನಸ್ 200, ಹೀಗೆ. ಇಲ್ಲಿ ರೀಎನ್‌ಕೋಡ್, ಅಂದರೆ ವಿಡಿಯೋವನ್ನು ಮತ್ತೆ ಸಂಕುಚಿಸುವ ಕೆಲಸ, ಇಲ್ಲ, ಹಾಗಾಗಿ ಚಿತ್ರದ ಗುಣಮಟ್ಟ ಕೆಡುವುದಿಲ್ಲ.

ಹೋಗ್ತಾ ಹೋಗ್ತಾ ವ್ಯತ್ಯಾಸ ಬೆಳೆಯುತ್ತಿದ್ದರೆ ಡಿಲೇ ಕೊಟ್ಟು ಪ್ರಯೋಜನವಿಲ್ಲ, ಅನುಪಾತ ಲೆಕ್ಕ ಹಾಕಬೇಕು. ಒಂದೂವರೆ ಗಂಟೆಯ, ಅಂದರೆ 5,400 ಸೆಕೆಂಡಿನ ವಿಡಿಯೋ ಕೊನೆಯಲ್ಲಿ 5.4 ಸೆಕೆಂಡ್ ತಪ್ಪಿದರೆ ಅದು ಸಾವಿರಕ್ಕೆ ಒಂದು: ಸೆಕೆಂಡಿಗೆ 29.97 ಫ್ರೇಮಿನ ವಿಡಿಯೋವನ್ನು ಎಲ್ಲೋ 30 ಎಂದು ಓದಲಾಗಿದೆ, ಇಲ್ಲವೇ ತಿರುಗುಮುರುಗು. ಶೇಕಡಾ 4ರ ಹತ್ತಿರ ಬಂದರೆ 24 ಮತ್ತು 25ರ ಗೊಂದಲ. 48 ಕಿಲೋಹರ್ಟ್ಸ್ (ಸೆಕೆಂಡಿಗೆ ಸದ್ದಿನ 48,000 ಮಾದರಿ) ಆಡಿಯೋವನ್ನು 44.1 ಎಂದು ಓದಿದ್ದರೆ ಅಳೆಯುವುದೇ ಬೇಡ. ಹತ್ತು ನಿಮಿಷದ ಸದ್ದು 10 ನಿಮಿಷ 53 ಸೆಕೆಂಡಿಗೆ ಎಳೆದುಕೊಳ್ಳುತ್ತದೆ, ನಾದಸ್ವರದ ಶ್ರುತಿ ಇಳಿದಿರುವುದು ಯಾರ ಕಿವಿಗಾದರೂ ಗೊತ್ತಾಗುತ್ತದೆ.

ಈಗ ಬರುವ ತಕರಾರುಗಳಲ್ಲಿ ಹೆಚ್ಚಿನವು ಮೊಬೈಲ್ ವಿಡಿಯೋದವು. ಮಂಟಪದಲ್ಲಿ ಬೆಳಕು ಕಡಿಮೆಯಾದಾಗ ಎಷ್ಟೋ ಫೋನುಗಳು ತಾವಾಗಿಯೇ ಫ್ರೇಮ್ ರೇಟ್ ಇಳಿಸುತ್ತವೆ, ಲೈಟ್ ಹಾಕಿದ ಕೂಡಲೇ ಏರಿಸುತ್ತವೆ. ಸದ್ದು ಮಾತ್ರ ಒಂದೇ ವೇಗದಲ್ಲಿ ಓಡುತ್ತಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲಾ ಫ್ರೇಮಿಗೂ ಒಂದೇ ಅಂತರ ಎಂದುಕೊಂಡರೆ ಕಥೆ ಮುಗಿಯಿತು. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ಫ್ರೇಮ್ ರೇಟ್ ಮೋಡ್ ಎದುರು ವೇರಿಯಬಲ್ ಎಂದಿದ್ದರೆ ಎಡಿಟಿಂಗ್‌ಗೆ ಮುಂಚೆಯೇ ಹ್ಯಾಂಡ್‌ಬ್ರೇಕ್ ಎಂಬ ಕನ್ವರ್ಟ್ ಸಾಫ್ಟ್‌ವೇರ್‌ಗೆ ಹಾಕಬೇಕು. ಅಲ್ಲಿ 30 ಎಂದು ಆರಿಸಿದರಷ್ಟೇ ಸಾಲದು. ಕೆಳಗೆ ಪೀಕ್ ಫ್ರೇಮ್ ರೇಟ್ ಎಂದೇ ಇರುತ್ತದೆ, ಅದನ್ನು ಕಾನ್‌ಸ್ಟಂಟ್ ಮಾಡಬೇಕು. ಬಹಳ ಜನ ಎಡವುವುದು ಇಲ್ಲೇ. ಗುಣಮಟ್ಟಕ್ಕೆ ಆರ್‌ಎಫ್ ಎಂಬ ಅಂಕಿ 18ರಿಂದ 20, ಆಡಿಯೋ ಎಎಸಿ ಮಾದರಿ, 48 ಕಿಲೋಹರ್ಟ್ಸ್.

ಮೂಲ ಫೈಲ್ ಕಳೆದುಹೋಗಿ, ಕೆಟ್ಟ ಫೈಲೊಂದೇ ಉಳಿದಿದ್ದರೆ ಆಡಿಯೋ ಹೊರತೆಗೆದು ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಚೇಂಜ್ ಟೆಂಪೋ (ಶ್ರುತಿ ಬದಲಾಗದೆ ವೇಗ ಬದಲಿಸುವುದು) ಬಳಸಬೇಕು. ಸದ್ದು ಉದ್ದವಾಗಿದ್ದರೆ ಅಷ್ಟು ಶೇಕಡಾ ಹೆಚ್ಚಿಸಬೇಕು. ಶ್ರುತಿಯೂ ಇಳಿದಿದ್ದರೆ ಟೆಂಪೋ ಅಲ್ಲ, ವೇಗದ ಜೊತೆ ಶ್ರುತಿಯನ್ನೂ ಬದಲಿಸುವ ಚೇಂಜ್ ಸ್ಪೀಡ್. ಎಂಕೆವಿಟೂಲ್‌ನಿಕ್ಸ್‌ನಲ್ಲಿ ಟ್ರ್ಯಾಕನ್ನು ಹಿಗ್ಗಿಸುವ, ಕುಗ್ಗಿಸುವ ಸ್ಟ್ರೆಚ್ ಕೂಡ ಇದೆ, ಆದರೆ ಅದನ್ನು ವಿಡಿಯೋ ಟ್ರ್ಯಾಕ್‌ಗೆ ಬಳಸಿ, ಆಡಿಯೋಗೆ ಬೇಡ.

ಮೂರನೆಯ ಬಗೆ ವ್ಯತ್ಯಾಸ ಇದ್ದಕ್ಕಿದ್ದಂತೆ ಹಾರುವುದು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಿಂದ ಬರುವ ವಿಎಚ್‌ಎಸ್ ಕ್ಯಾಸೆಟ್‌ಗಳಲ್ಲಿ ಇದು ಜಾಸ್ತಿ. ಮಳೆಗಾಲದ ತೇವಕ್ಕೆ ಟೇಪಿನ ಅಂಚಿಗೆ ಬೂಷ್ಟು ಹಿಡಿದಿರುತ್ತದೆ, ಆ ಜಾಗದಲ್ಲಿ ಸಿಗ್ನಲ್ ಕಡಿದು, ಟೇಪನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಕಾರ್ಡ್ ಕೆಲವು ಫ್ರೇಮ್ ಬಿಟ್ಟುಬಿಡುತ್ತದೆ. ಕ್ಯಾಪ್ಚರ್ ಸಾಫ್ಟ್‌ವೇರ್ ತೋರಿಸುವ ಡ್ರಾಪ್ಡ್ ಫ್ರೇಮ್ (ಬಿಟ್ಟುಹೋದ ಫ್ರೇಮ್) ಸಂಖ್ಯೆ ಸೊನ್ನೆ ಇಲ್ಲದಿದ್ದರೆ ಟೇಪ್ ಶುಚಿ ಮಾಡಿಸಿ ಮತ್ತೆ ಕ್ಯಾಪ್ಚರ್ ಮಾಡುವುದೇ ಸರಿ. ಆಗದಿದ್ದರೆ ಹಾರಿದ ಜಾಗದಲ್ಲೇ ಕತ್ತರಿಸಿ, ತುಂಡು ತುಂಡಾಗಿ ಕೂಡಿಸಬೇಕು, ಬೇರೆ ದಾರಿ ಇಲ್ಲ. ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ವಿಸಿಆರ್‌ಗೆ ಹಾಕಲೇಬೇಡಿ, ಟೇಪ್ ಓದುವ ಹೆಡ್ ಹಾಳಾಗುತ್ತದೆ.

ಮಿನಿ ಡಿವಿ, ಅಂದರೆ ಕ್ಯಾಮ್‌ಕಾರ್ಡರಿನ ಪುಟ್ಟ ಡಿಜಿಟಲ್ ಕ್ಯಾಸೆಟ್‌ನಲ್ಲಿ, ಒಂದೇ ಟೇಪಿನೊಳಗೆ 48 ಮತ್ತು 32 ಕಿಲೋಹರ್ಟ್ಸ್ ಬೆರೆತಿರಬಹುದು. ಬದಲಾಗುವ ಜಾಗದಲ್ಲಿ ಬೇರೆ ಫೈಲಾಗಿ ಕ್ಯಾಪ್ಚರ್ ಮಾಡಿಕೊಳ್ಳಿ.

ಸಿಂಕ್ ಸರಿಯಿದ್ದೂ ಮನೆಯ ಟಿವಿಯಲ್ಲಿ ಓಡದಿದ್ದರೆ: ಚಿತ್ರ ಇದೆ, ಸದ್ದಿಲ್ಲ ಎಂದರೆ ಆಡಿಯೋ ಡಿಟಿಎಸ್ ಮಾದರಿಯಲ್ಲಿ ಇರಬಹುದು, ಎಎಸಿ ಮಾಡಿ. ಸದ್ದಿದೆ, ಚಿತ್ರ ಇಲ್ಲ ಎಂದರೆ ವಿಡಿಯೋ ಎಚ್.265 ಮಾದರಿ ಅಥವಾ 10 ಬಿಟ್ ಬಣ್ಣದ್ದಿರಬಹುದು, ಅದನ್ನು 8 ಬಿಟ್ ಎಚ್.264 ಮಾಡಿ. ಪೆನ್‌ಡ್ರೈವ್‌ಗೆ ಫೈಲ್ ಹೋಗುವುದೇ ಇಲ್ಲ ಎಂದರೆ ಅದು ಫ್ಯಾಟ್32 (ಪೆನ್‌ಡ್ರೈವ್ ಫಾರ್ಮ್ಯಾಟ್ ಆಗಿರುವ ಒಂದು ಬಗೆ) ವಿಧಿಸುವ, ಒಂದು ಫೈಲಿಗೆ 4 ಜಿಬಿ ಎಂಬ ಮಿತಿ. ಧಾರೆ, ಆರತಕ್ಷತೆ ಬೇರೆ ಬೇರೆ ಫೈಲ್ ಮಾಡಿಕೊಟ್ಟರೆ ಆಯಿತು.